ಕಲ್ಲಿನ ಚೂರಿನಲ್ಲಿ ಕ್ಷುದ್ರಗ್ರಹದ ಮೇಲ್ಮೈ ಚರಿತ್ರೆ ಓದುವುದು ಹೇಗೆ?

2020ರ ಡಿಸೆಂಬರ್ 6ರಂದು ಆಸ್ಟ್ರೇಲಿಯಾದ ವೂಮೆರಾದಲ್ಲಿ ಆಕಾಶದಿಂದ ಒಂದು ಡಬ್ಬಿ ಇಳಿಯಿತು. ಕಳಿಸಿದ್ದು ಜಪಾನಿನ ಹಯಬುಸಾ-2 ನೌಕೆ. ಒಳಗೆ ರಿಯುಗು ಎಂಬ ಕ್ಷುದ್ರಗ್ರಹದ 5.4 ಗ್ರಾಂ ಕಪ್ಪು ಚೂರು, ಪುಡಿ. ಒಂದು ಟೀ ಚಮಚದಲ್ಲಿ ಹಿಡಿಯುವಷ್ಟು. ಅದರಲ್ಲಿ ಕೆಲವು ಚೂರುಗಳನ್ನು ಕಾಯಿಸಿ, ಹೊರಬಂದ ಅನಿಲವನ್ನು ಅಳೆದು ವಿಜ್ಞಾನಿಗಳು 2022ರಲ್ಲಿ ಒಂದು ಸಂಖ್ಯೆ ಕೊಟ್ಟರು. ಈ ಚೂರುಗಳು ಸುಮಾರು 50 ಲಕ್ಷ ವರ್ಷ ಕಾಸ್ಮಿಕ್ ಕಿರಣಗಳ ಹೊಡೆತ ತಿಂದಿವೆ ಅಂತ.

ಇದನ್ನು ಓದಿದ ಕೂಡಲೇ "ಓ, ರಿಯುಗುವಿನ ವಯಸ್ಸು 50 ಲಕ್ಷ ವರ್ಷ" ಅನ್ನಿಸಿಬಿಡುತ್ತದೆ ಅಲ್ವಾ? ಅದು ತಪ್ಪು. ಆ ಕಲ್ಲಿನ ಮೂಲವಸ್ತು ಸೌರಮಂಡಲದಷ್ಟೇ ಹಳೆಯದು, ಸುಮಾರು 456 ಕೋಟಿ ವರ್ಷ. 50 ಲಕ್ಷ ಎಂಬುದು ಆ ಚೂರು ಮೇಲ್ಮೈಯ ಹತ್ತಿರ, ಮೇಲಿನ ಒಂದೆರಡು ಮೀಟರಿನೊಳಗೆ ಕಳೆದ ಕಾಲ. ಅದಕ್ಕೆ ಮೊದಲು ಅದು ಆಳದಲ್ಲಿ, ಕಿರಣ ಮುಟ್ಟದ ಕಡೆ ಇತ್ತು. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಿಎಸ್ಸಿ, ಎಂಎಸ್ಸಿ ಓದುತ್ತಿರುವವರಿಗೆ, ಇಂಥ ಸುದ್ದಿಗಳನ್ನು ಆಸೆಯಿಂದ ಓದುವ ಎಲ್ಲರಿಗೂ. ಒಂದು ಪೆನ್ನು, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತರೆ ಚೆನ್ನ.

ಹಂತ 1: ಮೂರು ಬಗೆಯ ಮಳೆ ಬೇರೆ ಮಾಡಿಕೊಳ್ಳಿ

ಮಳೆ ನಿಂತ ಮೇಲೆ ರೈತರು ಹೊಲಕ್ಕೆ ಹೋಗಿ ಮಣ್ಣು ಕೆದಕಿ ನೋಡುತ್ತಾರೆ. "ಒಂದು ಗೇಣು ನೆಂದಿದೆ" ಅನ್ನುತ್ತಾರೆ. ಎಷ್ಟು ಆಳ ನೆಂದಿದೆ ಅನ್ನುವುದರಿಂದಲೇ ಎಂಥ ಮಳೆ ಬಂತು ಅಂತ ಗೊತ್ತಾಗುತ್ತದೆ. ಗಾಳಿಯ ಹೊದಿಕೆ ಇಲ್ಲದ ಕ್ಷುದ್ರಗ್ರಹದ ಮೇಲೂ ಹೀಗೆಯೇ. ಅಲ್ಲಿ ಸುರಿಯುವುದು ನೀರಲ್ಲ, ಕಣಗಳು.

ಮೊದಲನೆಯದು ಸೌರ ಮಾರುತ. ಸೂರ್ಯನಿಂದ ಬಿಡದೆ ಬರುವ ಕಡಿಮೆ ಶಕ್ತಿಯ ಕಣಗಳು. ಇವು ಇಬ್ಬನಿ ಇದ್ದ ಹಾಗೆ, ಕಲ್ಲಿನ ಚರ್ಮವನ್ನು ಮಾತ್ರ ಒದ್ದೆ ಮಾಡುತ್ತವೆ. ಹತ್ತಾರು ನ್ಯಾನೋಮೀಟರ್ ಆಳ, ಅಷ್ಟೆ. ಕೂದಲೆಳೆಯ ದಪ್ಪದ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ಎರಡನೆಯದು ಸೂರ್ಯನ ಮೇಲೆ ಸ್ಫೋಟಗಳಾದಾಗ ಚಿಮ್ಮುವ ಕಣಗಳು. ಇವು ದಿನಾ ಬರುವುದಿಲ್ಲ. ಬಂದಾಗ ಒಂದೆರಡು ಸೆಂಟಿಮೀಟರ್ ಒಳಗೆ ಇಳಿಯುತ್ತವೆ.

ಮೂರನೆಯದು ಗ್ಯಾಲಕ್ಸಿಯ ಕಾಸ್ಮಿಕ್ ಕಿರಣ. ಹೆಸರಿಗೆ ಕಿರಣ, ನಿಜವಾಗಿ ಕಣಗಳು. ಹತ್ತರಲ್ಲಿ ಸುಮಾರು ಒಂಬತ್ತು ಪ್ರೋಟಾನ್. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೀಲಿಯಂ ನ್ಯೂಕ್ಲಿಯಸ್, ತುಸು ಭಾರದ ನ್ಯೂಕ್ಲಿಯಸ್‌ಗಳು. ಇದು ಜಡಿಮಳೆ, ಒಂದೆರಡು ಮೀಟರ್ ಇಳಿಯುತ್ತದೆ. ಹೋಗುತ್ತಾ ಕಲ್ಲಿನ ಪರಮಾಣುಗಳ ನ್ಯೂಕ್ಲಿಯಸ್‌ಗೆ ಬಡಿಯುತ್ತದೆ. ನ್ಯೂಕ್ಲಿಯಸ್ ಒಡೆದು ಹೊಸ ಪರಮಾಣು ಹುಟ್ಟುತ್ತದೆ, ನ್ಯೂಟ್ರಾನ್‌ಗಳು ಹಾರುತ್ತವೆ, ಅವು ಮತ್ತೆ ಬೇರೆ ಕಡೆ ಬಡಿಯುತ್ತವೆ. ಹೀಗೆ ಮರಿ ಕಣಗಳು ಜಾಸ್ತಿಯಾಗುವುದರಿಂದ, ಹೊಸ ಪರಮಾಣು ಹೆಚ್ಚು ಹುಟ್ಟುವುದು ನೇರ ಮೇಲ್ಮೈಯಲ್ಲಲ್ಲ, ಅದರಿಂದ ಸ್ವಲ್ಪ ಕೆಳಗೆ. ಅಲ್ಲಿಂದ ಮುಂದೆ ಇಳಿಯುತ್ತಾ ಹೋಗುತ್ತದೆ. ಈ ಸೂಕ್ಷ್ಮ ಮುಂದೆ ಬೇಕಾಗುತ್ತದೆ.

ಕಲ್ಲು ಹೇಗೆ ಈ ಮಳೆಯನ್ನು ತಡೆಯುತ್ತದೆ ಎಂಬುದಕ್ಕೆ ನಮ್ಮ ಕೋಲಾರಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೆಜಿಎಫ್ ಗಣಿಗಳಲ್ಲಿ ಇಳಿದು, ಆಳ ಹೆಚ್ಚಿದಂತೆ ಕಾಸ್ಮಿಕ್ ಕಿರಣದ ಮ್ಯೂಯಾನ್ ಕಣಗಳು ಹೇಗೆ ಕಡಿಮೆಯಾಗುತ್ತವೆ ಅಂತ ಅಳೆದರು. ಎರಡು ಕಿಲೋಮೀಟರಿಗೂ ಆಳದಲ್ಲಿ ಮ್ಯೂಯಾನ್ ಕೂಡ ಅಪರೂಪವಾಗುತ್ತದೆ. ಆ ನಿಶ್ಶಬ್ದದಲ್ಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಸಿಕ್ಕಿತು, ಯಾವ ವಸ್ತುವಿಗೂ ಅಷ್ಟಾಗಿ ಸೋಕದೆ ದಾಟಿಹೋಗುವ ಕಣ ಅದು. ಮ್ಯೂಯಾನ್ ತುಂಬಾ ಹಟಮಾರಿ ಕಣ, ಅದಕ್ಕೇ ಅಷ್ಟು ಆಳ ಬೇಕಾಯಿತು. ಕಲ್ಲಿನ ನ್ಯೂಕ್ಲಿಯಸ್ ಒಡೆಯುವ ಪ್ರೋಟಾನ್, ನ್ಯೂಟ್ರಾನ್‌ಗಳಿಗೆ ಕೆಲವು ಮೀಟರ್ ಕಲ್ಲು ಸಾಕು.

ಒಂದು ಚೂರಿನಲ್ಲಿ ಈಗ ಮೂರು ಗಡಿಯಾರ ಇವೆ. ಚರ್ಮದ್ದು, ಬೆರಳಿನ ಆಳದ್ದು, ಆಳೆತ್ತರದ್ದು. ಮೂರೂ ಒಂದೇ ಸಮಯ ತೋರಿಸಿದರೆ ಕತೆ ಸರಳ. ಸಾಮಾನ್ಯವಾಗಿ ತೋರಿಸುವುದಿಲ್ಲ. ಚರಿತ್ರೆ ಸಿಗುವುದೇ ಆ ಜಗಳದಲ್ಲಿ.

ಹಂತ 2: ಚೂರು ಎಲ್ಲಿಂದ ಬಂತು ಅಂತ ಕೇಳಿ

ನೆಲಕ್ಕೆ ಬಿದ್ದ ಉಲ್ಕಾಶಿಲೆಗೂ ನೌಕೆ ತಂದ ಚೂರಿಗೂ ದೊಡ್ಡ ವ್ಯತ್ಯಾಸ ಇದೆ. ಉಲ್ಕಾಶಿಲೆ ವಾತಾವರಣದಲ್ಲಿ ಉರಿದು ಬರುತ್ತದೆ. ಹೊರಮೈ ಕರಗಿ ಹೋಗಿರುತ್ತದೆ, ಚರ್ಮದ ಗಡಿಯಾರ ಅಲ್ಲೇ ಸುಟ್ಟಿತು. ಜೊತೆಗೆ ಅದು ತಾಯಿಕಲ್ಲಿನಿಂದ ಸಿಡಿದು ಭೂಮಿಗೆ ಬರುವ ತನಕ ಸಣ್ಣ ಬಂಡೆಯಾಗಿ ತೇಲುತ್ತಿತ್ತು. ಆಗ ತಿಂದ ಕಿರಣವೂ ಲೆಕ್ಕಕ್ಕೆ ಸೇರುತ್ತದೆ. 1866ರಲ್ಲಿ ನಮ್ಮ ಉಡುಪಿಯಲ್ಲಿ ಒಂದು ಉಲ್ಕಾಶಿಲೆ ಬಿದ್ದಿತ್ತು, ಎಚ್ ಎಂಬ ಗುಂಪಿನದು. ಆ ಗುಂಪಿನ ಬಹಳ ಕಲ್ಲುಗಳ ಕಾಸ್ಮಿಕ್ ಕಿರಣದ ವಯಸ್ಸು 70-80 ಲಕ್ಷ ವರ್ಷದ ಸುತ್ತ ಗುಂಪುಗೂಡುತ್ತದೆ. ಅಂದರೆ ಆಗ ಯಾವುದೋ ತಾಯಿಕಲ್ಲಿಗೆ ದೊಡ್ಡ ಪೆಟ್ಟು ಬಿತ್ತು. ಅದು ಪ್ರಯಾಣದ ವಯಸ್ಸು, ಮೇಲ್ಮೈಯ ಚರಿತ್ರೆ ಅಲ್ಲ.

ನೌಕೆ ತಂದದ್ದರಲ್ಲಿ ಯಾವ ಜಾಗ, ಯಾವ ದಿನ ಅಂತ ಗೊತ್ತಿರುತ್ತದೆ. ಹಯಬುಸಾ-2 ರಿಯುಗುವನ್ನು 2019ರ ಫೆಬ್ರವರಿ 22ರಂದು ಮೊದಲು ಮುಟ್ಟಿ ಮೇಲಿನ ಮಣ್ಣು ಎತ್ತಿಕೊಂಡಿತು. ಆಮೇಲೆ ಏಪ್ರಿಲ್ 5ರಂದು 2 ಕಿಲೋ ತೂಕದ ತಾಮ್ರದ ಗುಂಡನ್ನು ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ವೇಗದಲ್ಲಿ ಹೊಡೆದು ಹತ್ತು ಮೀಟರಿಗಿಂತ ಅಗಲದ ಗುಂಡಿ ಮಾಡಿತು. ಜುಲೈ 11ರಂದು ಆ ಗುಂಡಿಯ ಹತ್ತಿರ ಇಳಿದು ಎರಡನೇ ಸಲ ಮಣ್ಣು ತೆಗೆಯಿತು. ಒಳಗಿನಿಂದ ಚಿಮ್ಮಿದ ಚೂರು ಸಿಗಲಿ ಅಂತಲೇ ಇಷ್ಟೆಲ್ಲ. ಎರಡು ಸಲದ ಮಣ್ಣನ್ನೂ ಬೇರೆ ಬೇರೆ ಅರೆಗಳಲ್ಲಿ ಇಟ್ಟಿತು. ಈ ವಿಷಯದ ಯಾವ ಲೇಖನ ಓದಿದರೂ ಮೊದಲು ಅರೆ ಯಾವುದು ಅಂತ ನೋಡಿ. ಎ ಅಂದರೆ ಮೊದಲ ಜಾಗದ್ದು, ಸಿ ಅಂದರೆ ಗುಂಡಿಯ ಪಕ್ಕದ್ದು.

ಆಳವನ್ನು ಸೆಂಟಿಮೀಟರಿನಲ್ಲಿ ಮಾತ್ರ ಯೋಚಿಸಬೇಡಿ. ಕಿರಣವನ್ನು ತಡೆಯುವುದು ದೂರವಲ್ಲ, ಅಡ್ಡ ಬರುವ ತೂಕ. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 160 ಗ್ರಾಂ ವಸ್ತು ದಾಟಿದರೆ ಹೊಡೆತ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಸಾಂದ್ರತೆ 3 ಇರುವ ಗಟ್ಟಿ ಬಂಡೆಯಲ್ಲಿ ಅದು ಅರ್ಧ ಮೀಟರಿನಷ್ಟು. ರಿಯುಗುವಿನ ಒಟ್ಟು ಸಾಂದ್ರತೆ 1.19 ಮಾತ್ರ, ನೀರಿಗಿಂತ ತುಸು ಜಾಸ್ತಿ. ಅಲ್ಲಿ ಅದೇ ತಡೆಗೆ ಸುಮಾರು 1.3 ಮೀಟರ್ ಬೇಕು. ಅಷ್ಟು ಪೊಳ್ಳು ಮಣ್ಣಿನಲ್ಲಿ ಮಳೆ ಆಳಕ್ಕೆ ಇಳಿಯುತ್ತದೆ, ಸಹಜ.

ಹಂತ 3: ಗಾಳಿ ಸೋಕದಂತೆ ನೋಡಿಕೊಳ್ಳಿ

ಈ ಹಂತದಲ್ಲಿ ಎಷ್ಟು ಎಚ್ಚರ ಬೇಕು ಅಂತ ಒಂದು ಲೆಕ್ಕದಿಂದ ತೋರಿಸುತ್ತೇನೆ. ನಾವು ಹುಡುಕುತ್ತಿರುವುದು ನಿಯಾನ್-21 ಎಂಬ ಅಪರೂಪದ ಐಸೊಟೋಪ್. ಐಸೊಟೋಪ್ ಅಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆ ಇರುವ ಪರಮಾಣು. ನಾವು ಉಸಿರಾಡುವ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 18 ಪಾಲು ನಿಯಾನ್. ಅದರಲ್ಲಿ ಸಾವಿರಕ್ಕೆ ಮೂರಕ್ಕಿಂತ ಕಡಿಮೆ ನಿಯಾನ್-21. ಸಣ್ಣದು ಅನ್ನಿಸುತ್ತದೆ ಅಲ್ವಾ? ಆದರೆ ಒಂದು ಘನ ಮಿಲಿಮೀಟರ್ ಗಾಳಿ, ಅಂದರೆ ಒಂದು ರಾಗಿ ಕಾಳಿನ ಆಸುಪಾಸಿನ ಗಾಳಿ ತೆಗೆದುಕೊಂಡರೆ ಅದರಲ್ಲಿ ನೂರು ಕೋಟಿಗೂ ಹೆಚ್ಚು ನಿಯಾನ್-21 ಪರಮಾಣು ಇವೆ. ಒಂದು ಮಿಲಿಗ್ರಾಂ ಕಲ್ಲಿನ ಚೂರಿನಲ್ಲಿ ಕಾಸ್ಮಿಕ್ ಕಿರಣ 50 ಲಕ್ಷ ವರ್ಷ ಕೂಡಿಟ್ಟದ್ದು ಇಪ್ಪತ್ತು ಕೋಟಿಯಷ್ಟು. ರಾಗಿ ಕಾಳಿನಷ್ಟು ಗಾಳಿ ಸೋರಿದರೆ ಲಕ್ಷಾಂತರ ವರ್ಷಗಳ ಬರಹ ಮುಳುಗಿ ಹೋಗುತ್ತದೆ.

ಅದಕ್ಕೇ ಹಯಬುಸಾ-2ರ ಡಬ್ಬಿಗೆ ಲೋಹದ ಮುಚ್ಚಳ ಒತ್ತಿ ಮುಚ್ಚುವ ವ್ಯವಸ್ಥೆ ಇತ್ತು. ಡಬ್ಬಿ ಸಿಕ್ಕ ಮರುದಿನವೇ, ಅದನ್ನು ಜಪಾನಿಗೆ ಒಯ್ಯುವ ಮೊದಲೇ, ಆಸ್ಟ್ರೇಲಿಯಾದಲ್ಲೇ ಒಳಗಿನ ಅನಿಲವನ್ನು ಎಳೆದು ಬಾಟಲಿಗಳಲ್ಲಿ ಹಿಡಿದರು. ಸ್ವಲ್ಪ ಭೂಮಿಯ ಗಾಳಿ ಸೇರಿತ್ತು ನಿಜ. ಆದರೆ ಹೀಲಿಯಂ, ನಿಯಾನ್ ಎರಡರಲ್ಲೂ ಸೂರ್ಯನ ಗುರುತು ಸ್ಪಷ್ಟವಾಗಿತ್ತು. ಚೂರುಗಳು ಡಬ್ಬಿಯೊಳಗೆ ಒಡೆದಾಗ ಸಿಕ್ಕಿಕೊಂಡಿದ್ದ ಅನಿಲ ಹೊರಬಂದಿರಬೇಕು. ಕ್ಷುದ್ರಗ್ರಹದ ಅನಿಲ ಭೂಮಿಗೆ ಬಂದದ್ದು ಅದೇ ಮೊದಲು. ಈ ಸಂಗತಿ ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಂತ 4: ಕಾಯಿಸುವ ಮೊದಲು ಕಣ್ಣಾರೆ ನೋಡಿ

ಚೂರನ್ನು ಕರಗಿಸಿದರೆ ಮುಗಿಯಿತು, ವಾಪಸ್ ಬರುವುದಿಲ್ಲ. ಹಾಗಾಗಿ ಒಡೆಯದೆ ಆಗುವ ಕೆಲಸವನ್ನೆಲ್ಲ ಮೊದಲು ಮುಗಿಸುತ್ತಾರೆ. ತೂಕ, ಫೋಟೋ, ಎಕ್ಸ್-ರೇ. ಆಮೇಲೆ ಅಂಚಿನಿಂದ ತೆಳ್ಳಗೆ ಒಂದು ಪದರ ಸೀಳಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಡುತ್ತಾರೆ.

ಅಲ್ಲಿ ಎರಡು ಗುರುತು ಹುಡುಕಿ. ಒಂದು, ಅಂಚಿನ ಹದಗೆಟ್ಟ ಪದರ. ಸೌರ ಮಾರುತ ಬಡಿದು ಬಡಿದು ಖನಿಜದ ಹೆಣಿಗೆ ಕೆಟ್ಟಿರುತ್ತದೆ, ಅಲ್ಲಲ್ಲಿ ಅತಿ ಸಣ್ಣ ಕಬ್ಬಿಣದ ಕಣಗಳು ಮೂಡಿರುತ್ತವೆ. ಮೊದಲ ಹಯಬುಸಾ ನೌಕೆ ತಂದ ಇಟೊಕಾವಾ ಎಂಬ ಕ್ಷುದ್ರಗ್ರಹದ ಚೂರುಗಳಲ್ಲಿ ಈ ಪದರ ಹತ್ತಾರು ನ್ಯಾನೋಮೀಟರ್ ದಪ್ಪ ಇತ್ತು. ಎರಡು, ಗೀರುಗಳು. ಕಬ್ಬಿಣದಂಥ ಭಾರದ ನ್ಯೂಕ್ಲಿಯಸ್ ಒಂದು ಸ್ಫಟಿಕವನ್ನು ಸೀಳಿಕೊಂಡು ಹೋದರೆ ನೇರ ಗೆರೆಯಂಥ ಗಾಯ ಉಳಿಯುತ್ತದೆ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗೀರು ಅಂತ ಎಣಿಸಿ, ವರ್ಷಕ್ಕೆ ಎಷ್ಟು ಬೀಳುತ್ತವೆ ಎಂಬುದರಿಂದ ಭಾಗಿಸಿದರೆ ಬೆರಳಿನ ಆಳದ ಗಡಿಯಾರ ಸಿಗುತ್ತದೆ. ಇಟೊಕಾವಾದ ಚೂರುಗಳಲ್ಲಿ ಇದು ಹತ್ತಾರು ಸಾವಿರ ವರ್ಷಗಳ ಅಂದಾಜು ಕೊಟ್ಟಿತು.

ಗೀರು ಎಣಿಸುವ ಕಲೆಗೆ ನಮ್ಮ ದೇಶದ ಕೊಡುಗೆ ದೊಡ್ಡದು. ದೇವೇಂದ್ರ ಲಾಲ್ ಮತ್ತು ಅವರ ಜೊತೆಗಾರರು ಮೊದಲು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಾದ ಟಿಐಎಫ್‌ಆರ್‌ನಲ್ಲಿ, ಆಮೇಲೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವಾದ ಪಿಆರ್‌ಎಲ್‌ನಲ್ಲಿ ಉಲ್ಕಾಶಿಲೆ ಮತ್ತು ಅಪೊಲೊ ತಂದ ಚಂದ್ರನ ಕಲ್ಲುಗಳಲ್ಲಿ ಇಂಥ ಗೀರುಗಳನ್ನು ಓದಿದರು. ಪಿಆರ್‌ಎಲ್‌ನಲ್ಲಿ ಆ ಪರಂಪರೆ ಮುಂದುವರಿದಿದೆ. ಈ ದಾರಿಯಲ್ಲಿ ಓದಬೇಕು ಅನ್ನುವ ಕನ್ನಡದ ಹುಡುಗ ಹುಡುಗಿಯರು ಅಲ್ಲಿಯ ಪಿಎಚ್‌ಡಿ ಪ್ರವೇಶದ ಕಡೆ ಒಂದು ಕಣ್ಣಿಡಿ.

ಹಂತ 5: ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಿ

ಈಗ ಅನಿಲ ಬಿಡಿಸುವ ಕೆಲಸ. ಚೂರನ್ನು ನಿರ್ವಾತದ ಕೋಣೆಯಲ್ಲಿಟ್ಟು ಲೇಸರ್ ಅಥವಾ ಕುಲುಮೆಯಿಂದ ಬಿಸಿ ಮಾಡುತ್ತಾರೆ. ಒಂದೇ ಸಲ ಕರಗಿಸುವುದಿಲ್ಲ. ಮೊದಲು ಕಡಿಮೆ ಬಿಸಿ, ಆಮೇಲೆ ಹೆಚ್ಚು, ಕೊನೆಗೆ ಕರಗುವಷ್ಟು. ಚರ್ಮದಲ್ಲಿ ಅಂಟಿಕೊಂಡ ಸೌರ ಮಾರುತದ ಅನಿಲ ಬೇಗ ಬಿಡುತ್ತದೆ. ಕಾಸ್ಮಿಕ್ ಕಿರಣದಿಂದ ಕಲ್ಲಿನ ಹೊಟ್ಟೆಯೊಳಗೇ ಹುಟ್ಟಿದ ಪರಮಾಣು ಕೊನೆಯ ತನಕ ಹಟ ಹಿಡಿಯುತ್ತದೆ. ಹೀಗೆ ಕಾಯಿಸುವುದೇ ಒಂದು ಜರಡಿ.

ಬಂದ ಅನಿಲದಿಂದ ನೀರು, ನೈಟ್ರೋಜನ್, ಕಾರ್ಬನ್ ಡೈ ಆಕ್ಸೈಡ್ ಇವನ್ನೆಲ್ಲ ಬಿಸಿ ಲೋಹದ ಪುಡಿಗೆ ಹೀರಿಸಿ ತೆಗೆಯುತ್ತಾರೆ. ಉಳಿಯುವುದು ಯಾರ ಜೊತೆಗೂ ಸೇರದ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಜೆನಾನ್. ಅವನ್ನು ತಣ್ಣನೆಯ ಬಲೆಗಳಲ್ಲಿ ಹಿಡಿದು ಒಂದೊಂದಾಗಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುತ್ತಾರೆ. ತೂಕವನ್ನು ವಿದ್ಯುದಾವೇಶದಿಂದ ಭಾಗಿಸಿದ ಸಂಖ್ಯೆ ನೋಡಿ ಪರಮಾಣುಗಳನ್ನು ಬೇರೆ ಮಾಡುವ ಯಂತ್ರ ಅದು.

ಇಲ್ಲಿ ವೇಷಧಾರಿಗಳ ಕಾಟ ಇದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್-40, ಯಂತ್ರದ ಕಣ್ಣಿಗೆ ನಿಯಾನ್-20ರಂತೆ ಕಾಣುತ್ತದೆ. ಅದೇ ರೀತಿ ಕಾರ್ಬನ್ ಡೈ ಆಕ್ಸೈಡ್ ನಿಯಾನ್-22ರ ವೇಷ ಹಾಕುತ್ತದೆ. ಎಷ್ಟು ಪಾಲು ವೇಷ ಅಂತ ಮೊದಲೇ ಅಳೆದಿಟ್ಟುಕೊಂಡು ಕಳೆಯಬೇಕು. ಚೂರು ಇಡದೆ ಸುಮ್ನೆ ಖಾಲಿ ಕೋಣೆಯನ್ನೇ ಕಾಯಿಸಿ ಎಷ್ಟು ಅನಿಲ ಬರುತ್ತದೆ ಅಂತಲೂ ನೋಡಿ ಕಳೆಯಬೇಕು. ಲೇಖನದಲ್ಲಿ ಈ ಖಾಲಿ ಅಳತೆಯ ಸಂಖ್ಯೆ ಕೊಟ್ಟಿದ್ದಾರಾ ಅಂತ ಹುಡುಕಿ. ಕೊಡದಿದ್ದರೆ ಮುಂದಿನ ಪುಟವನ್ನು ಅನುಮಾನದಿಂದಲೇ ಓದಿ.

ಹಂತ 6: ನಿಯಾನ್ ಪಾಲು ಮಾಡಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹಂತ ಇದು. ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡ ಗೆರೆಯ ಮೇಲೆ ನಿಯಾನ್-21 ಭಾಗ ನಿಯಾನ್-22. ಉದ್ದ ಗೆರೆಯ ಮೇಲೆ ನಿಯಾನ್-20 ಭಾಗ ನಿಯಾನ್-22. ಈಗ ಮೂರು ಚುಕ್ಕಿ ಇಡಿ.

ಸೌರ ಮಾರುತದ ಚುಕ್ಕಿ ಮೇಲೆ ಎಡಗಡೆ: ಉದ್ದಕ್ಕೆ ಸುಮಾರು 13.8, ಅಡ್ಡಕ್ಕೆ 0.033. ಭೂಮಿಯ ಗಾಳಿಯ ಚುಕ್ಕಿ ಅದಕ್ಕಿಂತ ಕೆಳಗೆ: 9.8 ಮತ್ತು 0.029. ಕಾಸ್ಮಿಕ್ ಕಿರಣದಿಂದ ಹುಟ್ಟಿದ ನಿಯಾನ್ ದೂರ ಬಲಗಡೆ ಕೆಳಗೆ: ಉದ್ದಕ್ಕೆ 0.8, ಅಡ್ಡಕ್ಕೆ 0.9ರ ಆಸುಪಾಸು. ಅಲ್ಲಿ ಮೂರೂ ಐಸೊಟೋಪ್ ಹೆಚ್ಚು ಕಡಿಮೆ ಸಮ ಸಮ ಹುಟ್ಟುತ್ತವೆ. ಬೇರೆಲ್ಲ ಕಡೆ ಅಪರೂಪವಾದ ನಿಯಾನ್-21 ಇಲ್ಲಿ ಮಾತ್ರ ಧಾರಾಳ. ಅದಕ್ಕೇ ಅದು ಒಳ್ಳೆಯ ಸಾಕ್ಷಿ.

ಎರಡು ಮೂಲ ಬೆರೆತರೆ ಅಳತೆಯ ಚುಕ್ಕಿ ಆ ಎರಡನ್ನು ಸೇರಿಸುವ ಗೆರೆಯ ಮೇಲೆ ಬೀಳುತ್ತದೆ. ಅಭ್ಯಾಸಕ್ಕೆ ನಾನೇ ಒಂದು ಲೆಕ್ಕ ಕಟ್ಟಿಕೊಡುತ್ತೇನೆ, ಇದು ಯಾವ ನಿಜವಾದ ಚೂರಿನದ್ದೂ ಅಲ್ಲ. ಒಂದು ಮಿಲಿಗ್ರಾಂ ಚೂರು, ಅಳತೆ 12.8 ಮತ್ತು 0.10 ಬಂದಿದೆ ಅನ್ನಿ. ನಿಯಾನ್-22ರಲ್ಲಿ ಕಾಸ್ಮಿಕ್ ಪಾಲು ಎಷ್ಟು? 0.10ರಿಂದ 0.033 ಕಳೆಯಿರಿ, 0.067. ಅದನ್ನು 0.9ರಿಂದ 0.033 ಕಳೆದ 0.867ರಿಂದ ಭಾಗಿಸಿ. ಸುಮಾರು 0.077. ಅಂದರೆ ನಿಯಾನ್-22ರಲ್ಲಿ ನೂರಕ್ಕೆ ಎಂಟೂ ಇಲ್ಲ. ಆದರೆ 0.077ನ್ನು 0.9ರಿಂದ ಗುಣಿಸಿದರೆ 0.07. ಒಟ್ಟು ನಿಯಾನ್-21 ಇದ್ದದ್ದು 0.10. ಹಾಗಾದರೆ ನಿಯಾನ್-21ರಲ್ಲಿ ನೂರಕ್ಕೆ 70 ಪಾಲು ಕಾಸ್ಮಿಕ್ ಕಿರಣದ್ದು! ಚುಕ್ಕಿ ಸೌರ ಮಾರುತದ ಪಕ್ಕದಲ್ಲೇ ಕೂತಂತೆ ಕಾಣುತ್ತಿದ್ದರೂ ಬೇಕಾದ ಸಾಕ್ಷಿ ಒಳಗೆ ಗಟ್ಟಿಯಾಗಿಯೇ ಇದೆ.

ರಿಯುಗುವಿನಂಥ ಇಂಗಾಲದ ಕಲ್ಲಿನಲ್ಲಿ ಇಷ್ಟು ಸಲೀಸಲ್ಲ. ಸೌರಮಂಡಲ ಹುಟ್ಟುವಾಗಲೇ, ಅದಕ್ಕೂ ಮೊದಲೇ, ಸಿಕ್ಕಿಕೊಂಡ ಹಳೆಯ ಅನಿಲ ಅದರಲ್ಲಿ ತುಂಬಾ ಇದೆ. ಆಗ ಚುಕ್ಕಿ ಗೆರೆಯ ಮೇಲೆ ಬೀಳುವುದಿಲ್ಲ, ತ್ರಿಕೋನದ ಒಳಗೆ ಬೀಳುತ್ತದೆ. ಕಾಯಿಸಿದ ಪ್ರತಿ ಮೆಟ್ಟಿಲಿನ ಚುಕ್ಕಿಯನ್ನೂ ಬೇರೆ ಬೇರೆ ಹಾಕಿ, ಅವು ಯಾವ ಕಡೆ ವಾಲುತ್ತವೆ ಅಂತ ನೋಡಿ ಪಾಲು ಮಾಡಬೇಕು. ಎಲ್ಲ ಚುಕ್ಕಿಗಳೂ 9.8ರ ಸುತ್ತ ಗುಂಪಾಗಿದ್ದರೆ ಸೋರಿಕೆ ಹುಡುಕುವುದು ಒಳ್ಳೆಯದು.

ಹಂತ 7: ವರ್ಷಕ್ಕೆ ಎಷ್ಟು ಹುಟ್ಟುತ್ತದೆ?

ಹುಂಡಿಯಲ್ಲಿ ಎಷ್ಟು ದುಡ್ಡಿದೆ ಅಂತ ಗೊತ್ತಾಯಿತು. ದಿನಕ್ಕೆ ಎಷ್ಟು ಬೀಳುತ್ತದೆ ಅಂತ ಗೊತ್ತಾದರೆ ಎಷ್ಟು ದಿನದಿಂದ ಹುಂಡಿ ಇದೆ ಅಂತ ಹೇಳಬಹುದು. ನಿಯಾನ್-21 ಕೆಡುವುದಿಲ್ಲ, ಕರಗುವುದಿಲ್ಲ. ಬಿದ್ದದ್ದು ಬಿದ್ದಂತೆ ಇರುತ್ತದೆ.

ಕಲ್ಲಿನ ಉಲ್ಕಾಶಿಲೆಗಳನ್ನು ಅಳೆದು ಕಂಡುಕೊಂಡ ದರದಿಂದ ಲೆಕ್ಕ ಹಾಕಿದರೆ, ಕ್ಷುದ್ರಗ್ರಹದ ಮೇಲ್ಮೈಯಲ್ಲಿರುವ ಒಂದು ಮಿಲಿಗ್ರಾಂ ಕಲ್ಲಿನಲ್ಲಿ ವರ್ಷಕ್ಕೆ ಸುಮಾರು 40 ನಿಯಾನ್-21 ಪರಮಾಣು ಹುಟ್ಟುತ್ತವೆ. ಬಾಹ್ಯಾಕಾಶದಲ್ಲಿ ಒಂಟಿಯಾಗಿ ತೇಲುವ ಕಲ್ಲಿಗೆ ಎಂಟೂ ದಿಕ್ಕಿನಿಂದ ಹೊಡೆತ, ಅಲ್ಲಿ 80ರ ಹತ್ತಿರ. ಮೇಲ್ಮೈಯಲ್ಲಿ ಕೂತ ಚೂರಿಗೆ ಕೆಳಗಿನ ಅರ್ಧ ಆಕಾಶವನ್ನು ಕ್ಷುದ್ರಗ್ರಹವೇ ಮುಚ್ಚಿದೆ, ಆದ್ದರಿಂದ ಅರ್ಧ. ಈ ಅರ್ಧವನ್ನು ಮರೆತರೆ ಉತ್ತರವೂ ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಅಭ್ಯಾಸದ ಚೂರಿನಲ್ಲಿ ಒಟ್ಟು 29 ಕೋಟಿ ನಿಯಾನ್-21 ಪರಮಾಣು ಸಿಕ್ಕಿವೆ ಅನ್ನಿ. ನೂರಕ್ಕೆ 70 ಅಂದರೆ 20 ಕೋಟಿ. 40ರಿಂದ ಭಾಗಿಸಿ. 50 ಲಕ್ಷ ವರ್ಷ. ಅಷ್ಟೇ ಲೆಕ್ಕ.

ಲೆಕ್ಕ ಸುಲಭ, ದರ ಸುಲಭ ಅಲ್ಲ. ನಿಯಾನ್-21 ಮುಖ್ಯವಾಗಿ ಹುಟ್ಟುವುದು ಮೆಗ್ನೀಸಿಯಂ, ಸಿಲಿಕಾನ್, ಅಲ್ಯೂಮಿನಿಯಂ ಒಡೆದಾಗ. ಚೂರಿನಲ್ಲಿ ನೀರಿನ ಅಂಶ, ಇಂಗಾಲ ಜಾಸ್ತಿ ಇದ್ದರೆ ಒಡೆಯಲು ಸಿಗುವ ಪರಮಾಣು ಕಡಿಮೆ. ಚೂರು ಎಷ್ಟು ಆಳದಲ್ಲಿತ್ತು ಎಂಬುದರ ಮೇಲೂ ದರ ಬದಲಾಗುತ್ತದೆ. ಆದ್ದರಿಂದ ನಿಯಾನ್ ಒಂದನ್ನೇ ನಂಬಿ ನಿಲ್ಲಬಾರದು.

ಹಂತ 8: ತೂತು ಕೊಡಗಳನ್ನೂ ಕೇಳಿ

ಕಾಸ್ಮಿಕ್ ಕಿರಣ ಕಲ್ಲಿನಲ್ಲಿ ವಿಕಿರಣಶೀಲ ಪರಮಾಣುಗಳನ್ನೂ ಹುಟ್ಟಿಸುತ್ತದೆ. ಬೆರಿಲಿಯಂ-10, ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಿಹೋಗಲು ಬೇಕಾದ ಕಾಲ, 13.9 ಲಕ್ಷ ವರ್ಷ. ಅಲ್ಯೂಮಿನಿಯಂ-26, ಸುಮಾರು 7 ಲಕ್ಷ ವರ್ಷ. ಮ್ಯಾಂಗನೀಸ್-53, ಸುಮಾರು 37 ಲಕ್ಷ ವರ್ಷ. ಇವು ಹುಂಡಿಯಲ್ಲ, ತೂತಿರುವ ಕೊಡ. ನಲ್ಲಿಯಿಂದ ನೀರು ಬೀಳುತ್ತಿದೆ, ತಳದಿಂದ ಸೋರುತ್ತಿದೆ. ಸ್ವಲ್ಪ ಹೊತ್ತಿಗೆ ಎರಡೂ ಸಮವಾಗಿ ಮಟ್ಟ ನಿಂತುಬಿಡುತ್ತದೆ. ತೂತು ದೊಡ್ಡದಿದ್ದಷ್ಟೂ ಬೇಗ ನಿಲ್ಲುತ್ತದೆ. ಹಾಗಾಗಿ ತೂತು ಕೊಡ ಹಳೆಯ ಕತೆ ಹೇಳುವುದಿಲ್ಲ, ಈಚಿನದನ್ನು ಹೇಳುತ್ತದೆ.

ಇವನ್ನು ಅಳೆಯುವುದಕ್ಕೆ ವೇಗವರ್ಧಕ ಬೇಕು. ಚೂರನ್ನು ಆಮ್ಲದಲ್ಲಿ ಕರಗಿಸಿ, ಬೆರಿಲಿಯಂ, ಅಲ್ಯೂಮಿನಿಯಂ ಬೇರೆ ಮಾಡಿ, ಅಯಾನ್‌ಗಳನ್ನು ವೇಗವಾಗಿ ಓಡಿಸಿ ಒಂದೊಂದೇ ಪರಮಾಣು ಎಣಿಸುತ್ತಾರೆ. ಬೆರಿಲಿಯಂ-10ಕ್ಕೆ ಅಷ್ಟೇ ತೂಕದ ಬೋರಾನ್-10 ತೊಂದರೆ ಕೊಡುತ್ತದೆ. ಅಲ್ಯೂಮಿನಿಯಂ-26ಕ್ಕೆ ಅದೃಷ್ಟ ಚೆನ್ನಾಗಿದೆ. ಅದರ ಜೋಡಿ ಮೆಗ್ನೀಸಿಯಂ-26 ಋಣ ಅಯಾನ್ ಆಗಿ ನಿಲ್ಲುವುದೇ ಇಲ್ಲ, ಬಾಗಿಲಲ್ಲೇ ಉದುರಿಹೋಗುತ್ತದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಈ ಎರಡನ್ನೂ ಎಣಿಸುವ ಸೌಲಭ್ಯ ಇದೆ.

ಈಗ ನಮ್ಮ ಚೂರಿಗೆ ವಾಪಸ್ ಬರೋಣ. ನಿಯಾನ್ 50 ಲಕ್ಷ ವರ್ಷ ಅಂದಿತು. ಅಷ್ಟೂ ಕಾಲ ಮೇಲ್ಮೈ ಹತ್ತಿರ ಒಂದೇ ಜಾಗದಲ್ಲಿದ್ದರೆ ಬೆರಿಲಿಯಂ-10 ತನ್ನ ನಿಂತ ಮಟ್ಟದ ನೂರಕ್ಕೆ 92 ಮುಟ್ಟಿರಬೇಕು, ಅಲ್ಯೂಮಿನಿಯಂ-26 ನೂರಕ್ಕೆ 99. ಅಳೆದಾಗ ಹಾಗೆ ಬರಲಿಲ್ಲ ಅಂದುಕೊಳ್ಳಿ. ಆಗ ಮೂರು ಸಂದರ್ಭ ಯೋಚಿಸಿ.

ಬೆರಿಲಿಯಂ ಸುಮಾರು 39, ಅಲ್ಯೂಮಿನಿಯಂ 63 ಬಂದರೆ ಚೂರು ಈಚಿನ 10 ಲಕ್ಷ ವರ್ಷ ಮಾತ್ರ ಮೇಲಿದೆ. ನಿಯಾನ್‌ನ ಉಳಿದ ಪಾಲು ಅದಕ್ಕೂ ಹಿಂದೆ, ಬೇರೆ ಯಾವುದೋ ಕಾಲದಲ್ಲಿ ಕೂಡಿದ್ದು. ಎರಡೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿದ್ದರೆ, ಇದು 40, ಅದೂ 40 ಅನ್ನುವ ಹಾಗೆ, ಚೂರು ಬಹಳ ಕಾಲದಿಂದ ಆಳದಲ್ಲಿ ಕೂತಿದೆ, ನಲ್ಲಿಯೇ ಸಣ್ಣಗೆ ಹರಿಯುತ್ತಿತ್ತು. ಆಗ ನಿಯಾನ್‌ಗೂ ವರ್ಷಕ್ಕೆ 40 ಪರಮಾಣು ಎಂಬ ದರ ಸಲ್ಲದು, ಹಂತ 7ಕ್ಕೆ ಮತ್ತೆ ಹೋಗಬೇಕು. ಮೂರನೆಯದು, ಬೆರಿಲಿಯಂ 37ರಷ್ಟು ಉಳಿದು ಅಲ್ಯೂಮಿನಿಯಂ 14ಕ್ಕೆ ಕುಸಿದಿದ್ದರೆ ಕತೆ ತಿರುಗುಮುರುಗು. ಮೊದಲು ಮೇಲಿದ್ದದ್ದು ಸುಮಾರು 20 ಲಕ್ಷ ವರ್ಷದ ಹಿಂದೆ ಹೂತುಹೋಯಿತು, ನಲ್ಲಿ ನಿಂತಿತು, ಸೋರಿಕೆ ಮುಂದುವರಿಯಿತು.

ಈ ಮೂರು ಜೋಡಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲೇಖನಗಳ ಕೋಷ್ಟಕ ನೋಡುವಾಗ ಪಕ್ಕದಲ್ಲಿಟ್ಟುಕೊಂಡರೆ ತುಂಬಾ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ ಸೂರ್ಯನ ಸ್ಫೋಟದ ಕಣಗಳೂ ಅಲ್ಯೂಮಿನಿಯಂ-26 ಹುಟ್ಟಿಸುತ್ತವೆ. ಅದು ಲೆಕ್ಕಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಚೂರು ತೀರಾ ಮೇಲೆ ಕೂತಿತ್ತು ಅಂತ ಅರ್ಥ.

ಹಂತ 9: ಗಡಿಯಾರಗಳನ್ನು ಎದುರುಬದುರು ಕೂರಿಸಿ

ಇಟೊಕಾವಾದ ಕತೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅರ್ಧ ಕಿಲೋಮೀಟರಿಗಿಂತ ತುಸು ಉದ್ದದ ಕ್ಷುದ್ರಗ್ರಹ. ಮೊದಲ ಹಯಬುಸಾ 2010ರ ಜೂನ್ 13ರಂದು ಅಲ್ಲಿಂದ ತಂದದ್ದು ಧೂಳಿನಂಥ ಸಾವಿರದ ಐನೂರಕ್ಕೂ ಹೆಚ್ಚು ಕಣ. ಅದರಲ್ಲಿ ಮೂರೇ ಮೂರು ಕಣ ಕಾಯಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೌರ ಮಾರುತದ ಹೀಲಿಯಂ, ನಿಯಾನ್, ಆರ್ಗಾನ್ ತುಂಬಿಕೊಂಡಿದ್ದವು. ಆದರೆ ಬೇರೆ ಬೇರೆ ಆಳದಲ್ಲಿ, ಮತ್ತು ಹೀಲಿಯಂ ಮಾತ್ರ ಇರಬೇಕಾದದ್ದಕ್ಕಿಂತ ಕಡಿಮೆ. ಕಾಸ್ಮಿಕ್ ಕಿರಣದ ನಿಯಾನ್-21 ಇಟ್ಟು ಲೆಕ್ಕ ಹಾಕಿದರೆ ಮೇಲ್ಮೈಯಲ್ಲಿ ಕಳೆದ ಕಾಲ 80 ಲಕ್ಷ ವರ್ಷಕ್ಕಿಂತ ಕಡಿಮೆ.

ಮಲೆನಾಡಿನಲ್ಲಿ ಅಡಿಕೆ ಒಣಗಿಸುವ ಅಂಗಳ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಕಾಲಾಡಿಸಿ ಅಡಿಕೆ ಕೆದಕುತ್ತಾರೆ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಒಂದೊಂದು ಅಡಿಕೆಯೂ ಹಲವು ಸಲ ಬಿಸಿಲು ಕಾಣುತ್ತದೆ. ಕೆದಕುವಾಗ ಒಂದಕ್ಕೊಂದು ಉಜ್ಜಿ ಸಿಪ್ಪೆ ಉದುರುತ್ತದೆ. ಇಟೊಕಾವಾದ ಕಣಗಳಿಗೂ ಆದದ್ದು ಇದೇ. ಉಲ್ಕೆ ಬಿದ್ದಾಗ, ಕಂಪಿಸಿದಾಗ ಕಣಗಳು ಮೇಲೆ ಕೆಳಗೆ ಆದವು, ಹಲವು ಸಲ ಸೌರ ಮಾರುತ ಹೀರಿದವು. ಉಜ್ಜಿಕೊಂಡಾಗ ಅಂಚಿನ ತೆಳು ಸಿಪ್ಪೆ ಹೋಯಿತು, ಅಲ್ಲಿದ್ದ ಹೀಲಿಯಂ ಕೂಡ ಹೋಯಿತು.

ಇನ್ನೂ ಒಂದು ಹೆಜ್ಜೆ ಇಡಿ. ಮಣ್ಣು ಅಲ್ಲೇ ಮೇಲೆ ಕೆಳಗೆ ಆಗುತ್ತಾ ಉಳಿದಿದ್ದರೆ ನಿಯಾನ್ ಹುಂಡಿ ತುಂಬುತ್ತಲೇ ಹೋಗಬೇಕಿತ್ತು. 80 ಲಕ್ಷಕ್ಕಿಂತ ಕಡಿಮೆ ಅಂದರೆ ಹಳೆಯ ಮಣ್ಣು ಎಲ್ಲೋ ಹೋಗುತ್ತಿದೆ. ಎಲ್ಲಿಗೆ? ಇಟೊಕಾವಾದ ಗುರುತ್ವ ತೀರಾ ಕಡಿಮೆ. ಸಣ್ಣ ಪೆಟ್ಟಿಗೂ ಧೂಳು ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ. ಕಿರಣ ಮುಟ್ಟುವ ಒಂದೆರಡು ಮೀಟರ್ ಪದರವನ್ನು ಕೆಲವು ಹತ್ತು ಲಕ್ಷ ವರ್ಷಗಳಿಂದ ಭಾಗಿಸಿ. ಹತ್ತು ಲಕ್ಷ ವರ್ಷಕ್ಕೆ ಹತ್ತಾರು ಸೆಂಟಿಮೀಟರ್ ಮೇಲ್ಮೈ ಕಳಚಿ ಹೋಗುತ್ತಿದೆ. ಹೀಗೇ ನಡೆದರೆ 100 ಕೋಟಿ ವರ್ಷ ಮುಗಿಯುವ ಮೊದಲೇ ಇಟೊಕಾವಾ ಇರುವುದಿಲ್ಲ. ಕೂದಲೆಳೆಯಷ್ಟು ದಪ್ಪದ ಮೂರು ಕಣದಿಂದ ಒಂದು ಕ್ಷುದ್ರಗ್ರಹದ ಮುಂದಿನ ಗತಿ!

ರಿಯುಗುವಿನ 50 ಲಕ್ಷ ವರ್ಷಕ್ಕೆ ಅಳೆದವರು ಕೊಟ್ಟ ಅರ್ಥ ಬೇರೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಿಂದ ಹೊರಟು ಭೂಮಿಯ ಹತ್ತಿರದ ಈಗಿನ ಕಕ್ಷೆಗೆ ಬಂದ ಮೇಲಿನ ಹೊಡೆತದ ದಾಖಲೆ ಅದು ಎಂದರು. ಒಂದೇ ಬಗೆಯ ಅಳತೆ, ಹತ್ತಿರ ಹತ್ತಿರದ ಸಂಖ್ಯೆ, ಎರಡು ಬೇರೆ ಕತೆ. ಜೊತೆಗಿರುವ ಬೇರೆ ಸಾಕ್ಷಿಗಳು ಆ ವ್ಯತ್ಯಾಸ ಮಾಡುತ್ತವೆ.

ಹಂತ 10: ಹೊಸ ಚೂರು ಬಂದಾಗ

2023ರ ಸೆಪ್ಟೆಂಬರ್ 24ರಂದು ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹದ 121.6 ಗ್ರಾಂ ಮಣ್ಣನ್ನು ಯೂಟಾ ಮರುಭೂಮಿಗೆ ಇಳಿಸಿತು. ಅದರ ಅಳತೆಗಳು ಇನ್ನೂ ವರ್ಷಗಟ್ಟಲೆ ಬರುತ್ತಲೇ ಇರುತ್ತವೆ. ನಮ್ಮ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ತರಬೇಕಿರುವುದು ಚಂದ್ರನ ಮಣ್ಣು. ಚಂದ್ರನಿಗೂ ಗಾಳಿಯ ಹೊದಿಕೆ ಇಲ್ಲ, ಓದುವ ವಿಧಾನ ಇದೇ. ಅಪೊಲೊ 16 ತಂದ ಕಲ್ಲುಗಳಿಂದ ನಾರ್ತ್ ರೇ ಎಂಬ ಗುಂಡಿ ಸುಮಾರು 5 ಕೋಟಿ ವರ್ಷದ ಹಿಂದೆ ಆದದ್ದು ಅಂತ ಗೊತ್ತಾದದ್ದೂ ಹೀಗೆಯೇ. ಗುಂಡಿ ಬಿದ್ದಾಗ ಒಳಗಿನ ಬಂಡೆ ಹೊರಬಿದ್ದು ಮಳೆಗೆ ಮೈಯೊಡ್ಡಿತು, ಆ ದಿನದಿಂದ ಹುಂಡಿ ತುಂಬತೊಡಗಿತು.

ಹೊಸ ಲೇಖನ ಕೈಗೆ ಬಂದಾಗ ನಾನು ಓದುವ ಕ್ರಮ ಹೀಗಿದೆ. ಮೊದಲು ನಿಯಾನ್ ಗ್ರಾಫ್. ಚುಕ್ಕಿಗಳು ಯಾವ ಕಡೆ ವಾಲಿವೆ? ಆಮೇಲೆ ಬೆರಿಲಿಯಂ-10 ಮತ್ತು ಅಲ್ಯೂಮಿನಿಯಂ-26 ಇರುವ ಕೋಷ್ಟಕ, ಪಕ್ಕದಲ್ಲಿ ಆ ಚೀಟಿ. ಆಮೇಲೆ ದರ ಎಲ್ಲಿಂದ ತೆಗೆದರು, ಅರ್ಧ ಆಕಾಶ ಲೆಕ್ಕಕ್ಕೆ ಹಿಡಿದರಾ, ಯಾವ ಆಳ ಇಟ್ಟುಕೊಂಡರು. ವಯಸ್ಸಿನ ಪಕ್ಕದಲ್ಲಿ ಹೆಚ್ಚು-ಕಡಿಮೆ ಎಷ್ಟು ಅಂತ ಬರೆದಿದ್ದಾರೆ ಎಂಬುದನ್ನೂ ಬಿಡುವುದಿಲ್ಲ. ಸಾರಾಂಶ ಓದುವುದು ಇಷ್ಟೆಲ್ಲ ಆದ ಮೇಲೆ. ಅಷ್ಟರಲ್ಲಿ ಹಾಳೆಯ ಮೇಲೆ ನನ್ನದೇ ಒಂದು ಉತ್ತರ ಬಂದಿರುತ್ತದೆ, ಅವರದ್ದರ ಜೊತೆ ಇಟ್ಟು ನೋಡುತ್ತೇನೆ.